ಹೋಗಲು ಎರಡೂ ಕಾಲು ಗಂಟೆ, ಬರಲು ಇಪ್ಪತ್ತೇ ನಿಮಿಷವಾ?

ಪ್ರಶ್ನೆ: ಮಗ ಲಂಡನ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಹೋಗುತ್ತಿದ್ದೇವೆ. ಅಲ್ಲಿಂದ ಎರಡು ದಿನ ಆಮ್‌ಸ್ಟರ್‌ಡ್ಯಾಮ್‌ಗೆ, ನಾದಿನಿ ಮಗಳ ಮನೆಗೆ. ವಿಮಾನದ ಟಿಕೆಟ್‌ನಲ್ಲಿ ಲಂಡನ್‌ನ ಹೀತ್ರೂ ಬಿಡುವುದು ಬೆಳಗ್ಗೆ 10ಕ್ಕೆ, ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣ ಸ್ಕಿಪೋಲ್ ತಲುಪುವುದು 12.20ಕ್ಕೆ ಅಂತಿದೆ. ವಾಪಸ್ ಬರುವಾಗ ಸಂಜೆ 4ಕ್ಕೆ ಬಿಟ್ಟು 4.20ಕ್ಕೇ ಇಳಿಯುತ್ತಂತೆ! ನಮ್ಮೂರಿಂದ ಹಾಸನಕ್ಕೇ ಬಸ್ಸಲ್ಲಿ ಒಂದು ಗಂಟೆ ಬೇಕು. ಪ್ರಿಂಟ್ ತಪ್ಪಾಗಿದೆಯಾ? ಅವಳಿಗೆ ಕಾಫಿಪುಡಿ, ತುಪ್ಪ ತಗೊಂಡು ಹೋಗಬಹುದಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಟಿಕೆಟ್ ಸರಿಯಾಗೇ ಇದೆ, ಸುಮ್ನೆ ಏಜೆಂಟ್‌ಗೆ ಬೈಯಬೇಡಿ. ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ಆಮ್‌ಸ್ಟರ್‌ಡ್ಯಾಮ್ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಹೋಗುವಾಗ ಆ ಒಂದು ಗಂಟೆ ಕಳೆಯಿರಿ, ಬರುವಾಗ ಕೂಡಿಸಿ, ಎರಡು ಕಡೆಗೂ 1 ಗಂಟೆ 20 ನಿಮಿಷವೇ ಬರುತ್ತದೆ. ಬೇಸಿಗೆಗೆ, ಚಳಿಗಾಲಕ್ಕೆ ಅಂತ ಅಲ್ಲಿ ಗಡಿಯಾರ ತಿರುಗಿಸುತ್ತಾರೆ, ಆದರೆ ಎರಡೂ ದೇಶದವರು ಒಟ್ಟಿಗೇ ತಿರುಗಿಸುವುದರಿಂದ (ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ) ಈ ಲೆಕ್ಕ ಯಾವ ತಿಂಗಳಿಗೂ ನಡೆಯುತ್ತದೆ.

ದೂರ ಸುಮಾರು 370 ಕಿ.ಮೀ. ಹಾಸನದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು. ಗಾಳಿಯಲ್ಲಿರುವುದು ಐವತ್ತು ನಿಮಿಷದ ಆಸುಪಾಸು ಅಷ್ಟೇ. ಉಳಿದದ್ದೆಲ್ಲ ನೆಲದ ಮೇಲೆ, ಯಾಕೆಂದರೆ ವಿಮಾನ ಗೇಟ್ ಬಿಟ್ಟಾಗಿನಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಹೊತ್ತನ್ನು ಟಿಕೆಟ್‌ನಲ್ಲಿ ಹಾಕಿರುತ್ತಾರೆ. ಸ್ಕಿಪೋಲ್‌ನಲ್ಲಿ 2003ರಲ್ಲಿ ಶುರುವಾದ ಪೋಲ್ಡರ್‌ಬಾನ್ ಅನ್ನೋ ರನ್‌ವೇ ಇದೆ. ಎಷ್ಟು ದೂರ ಅಂದರೆ, ಅಲ್ಲಿ ಇಳಿದರೆ ವಿಮಾನ ಕಾಲು ಗಂಟೆ ಉರುಳುತ್ತಲೇ ಇರುತ್ತದೆ, ಸೇತುವೆ ಮೇಲೆ ದಾಟುವಾಗ ಕಿಟಕಿಯಿಂದ ನೋಡಿದರೆ ಕೆಳಗೆ ಹೈವೇಯಲ್ಲಿ ಕಾರುಗಳು ಓಡುತ್ತಿರುತ್ತವೆ. ಬರುವಾಗ ಹೀತ್ರೂ ಮೇಲೆ ಎರಡು ಸುತ್ತು ಹೊಡೆಸಿದರೂ ಗಾಬರಿಯಾಗಬೇಡಿ. ಅಲ್ಲಿ ರನ್‌ವೇ ಎರಡೇ, ಸರದಿ ಕಾಯಲೇಬೇಕು.

ಆದರೆ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಅರ್ಧ ದಿನ ಹೋಯಿತು ಅಂದುಕೊಳ್ಳಿ. ಎರಡು ಗಂಟೆ ಮೊದಲೇ ಹೀತ್ರೂನಲ್ಲಿರಬೇಕು, ಆಕಡೆ ಪಾಸ್‌ಪೋರ್ಟ್ ಕ್ಯೂ ಬೇರೆ. ಸ್ಕಿಪೋಲ್‌ನಿಂದ ಊರೊಳಗಿನ ಸೆಂಟ್ರಾಲ್ ಸ್ಟೇಷನ್‌ಗೆ ಮಾತ್ರ ರೈಲಿನಲ್ಲಿ ಕಾಲು ಗಂಟೆ ಸಾಕು. ಲಂಡನ್‌ನ ಸೇಂಟ್ ಪ್ಯಾಂಕ್ರಾಸ್‌ನಿಂದ ಯೂರೋಸ್ಟಾರ್ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ನೇರ ಅದೇ ಸ್ಟೇಷನ್‌ಗೆ ಬಿಡುತ್ತದೆ. ನಾನಾಗಿದ್ದರೆ ಅದನ್ನೇ ಹತ್ತುತ್ತಿದ್ದೆ, ನೀವು ಟಿಕೆಟ್ ತೆಗೆದಾಗಿದೆಯಲ್ಲ, ಬಿಡಿ.

ಇದಕ್ಕಿಂತ ಮುಖ್ಯ, ಬ್ರಿಟನ್ ವೀಸಾ ಆಮ್‌ಸ್ಟರ್‌ಡ್ಯಾಮ್‌ಗೆ ನಡೆಯಲ್ಲ. ಅದಕ್ಕೆ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಬೇರೆಯೇ ಬೇಕು, ಇಲ್ಲಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಕಾಫಿಪುಡಿ ಒಯ್ಯಿರಿ, ತೊಂದರೆ ಇಲ್ಲ. ತುಪ್ಪ ಮಾತ್ರ ಬೇಡ. ಹಾಲಿನ ಪದಾರ್ಥವನ್ನು ಇಲ್ಲಿಂದ ಲಂಡನ್‌ಗೂ ಬಿಡಲ್ಲ, ಲಂಡನ್‌ನಿಂದ ಆಕಡೆಗೂ ಬಿಡಲ್ಲ. ಡಬ್ಬಿ ಸಕಲೇಶಪುರದಲ್ಲೇ ಇರಲಿ.