ಸಮಯದ ಲೆಕ್ಕ ಬರೆದಿಟ್ಟರೆ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ದಿನವಿಡೀ ಬಿಡುವಿಲ್ಲ, ಆದರೂ ರಾತ್ರಿ ನೋಡಿದರೆ ನನಗೆ ಬೇಕಾದ ಕೆಲಸ ಒಂದೂ ಆಗಿರುವುದಿಲ್ಲ. ಸಮಯದ ಲೆಕ್ಕ ಬರೆದರೆ ಉಪಯೋಗ ಇದೆಯಾ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳಿದ್ದೀರಿ. ಉಪಯೋಗ ಇದೆ. ಆ್ಯಪ್ ಬೇಡ, ಒಂದು ನೋಟ್‌ಬುಕ್ ಸಾಕು.

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವುದು ದಿನದ ಕೆಲಸ. ಇವತ್ತು ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಎಷ್ಟು ಆಳು, ಕಳೆಗೆ ಎಷ್ಟು, ಗೊಬ್ಬರಕ್ಕೆ ಎಷ್ಟು. ಯಾರು ಚುರುಕು, ಯಾರು ಸೋಮಾರಿ ಅಂತ ಬರೆಯಲು ಅದರಲ್ಲಿ ಜಾಗವೇ ಇಲ್ಲ. ವರ್ಷದ ಕೊನೆಗೆ ಕೂಡಿ ನೋಡಿದಾಗ ಆಳು ಎಲ್ಲಿ ಜಾಸ್ತಿ ಹೋಯಿತು ಅಂತ ತಾನೇ ಕಾಣುತ್ತದೆ. ನಿಮ್ಮ ದಿನವನ್ನೂ ಹಾಗೇ ಬರೆಯಿರಿ. ನಿಮ್ಮನ್ನು ನೀವೇ ಬೈದುಕೊಳ್ಳುವ ಕಾಲಂ ಇಟ್ಟರೆ ಮೂರನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ.

ಬರೆಯುವ ರೀತಿಯನ್ನು ನಾನು ಸರ್ಕಾರದಿಂದ ಎರವಲು ಪಡೆದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ, ಮತ್ತೆ 2024ರಲ್ಲಿ, ಜನ ಸಮಯ ಹೇಗೆ ಕಳೆಯುತ್ತಾರೆ ಅಂತ ಇಡೀ ದೇಶದಲ್ಲಿ ಸರ್ವೆ ಮಾಡಿತು. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಅರ್ಧ ಗಂಟೆಗೆ ಒಂದು ಸಾಲು. ದಿನಕ್ಕೆ 48 ಸಾಲು ಅಂದರೆ ಗಾಬರಿಯಾಗಬೇಡಿ, ನಿದ್ದೆಗೆ ಒಂದೇ ಗೆರೆ ಎಳೆದರೆ ಮುಗಿಯಿತು. ತಿಂಡಿ ಆದ ಮೇಲೆ, ಮಧ್ಯಾಹ್ನ ಊಟ ಆದ ಮೇಲೆ, ಸಂಜೆ, ಮಲಗುವ ಮುಂಚೆ ತುಂಬಿಸಿ. ಎಲ್ಲವನ್ನೂ ರಾತ್ರಿಗೇ ಇಟ್ಟುಕೊಂಡರೆ ದಿನ ಹೇಗೆ ಹೋಗಬೇಕಿತ್ತೋ ಹಾಗೆ ಬರೆದುಬಿಡುತ್ತೀರಿ. ‘ಇತರೆ’ ಅಂತ ಮಾತ್ರ ಬರೆಯಬೇಡಿ. ಹುಡುಕುತ್ತಿರುವ ಸಮಯವೆಲ್ಲ ಹೋಗಿ ಕೂತಿರುವುದು ಅಲ್ಲೇ.

ಇದಕ್ಕೆ ನಾನು ಸೇರಿಸಿಕೊಂಡದ್ದು ಒಂದೇ. ನಾನೇ ಬೇಕು ಅಂತ ಮಾಡಿದ್ದಕ್ಕೆ ಪಕ್ಕದಲ್ಲಿ ಟಿಕ್. ಸುಮ್ನೆ ಹಾಗೇ ನಡೆದುಹೋದದ್ದಕ್ಕೆ ಏನೂ ಇಲ್ಲ. ಸಂಜೆ ಹಣ್ಣಿನ ತೂಕ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತೇವೆ. ಅದಕ್ಕೆ ನನ್ನ ಪುಸ್ತಕದಲ್ಲಿ ಟಿಕ್ ಇದೆ. ಹರಟೆಯನ್ನೂ ಕತ್ತರಿಸಿ ಏನನ್ನು ಉಳಿಸಬೇಕು ಹೇಳಿ?

ವಾರಕ್ಕೆ 168 ಗಂಟೆ. ನಿದ್ದೆಗೆ 56, ಕೆಲಸಕ್ಕೆ 48 ಅಂತ ಹಿಡಿದರೂ 64 ಗಂಟೆ ಉಳಿಯಬೇಕು, ಅಲ್ವಾ? ಅದು ಹೋಗುವುದೆಲ್ಲಿ ಅಂದರೆ ಎಲ್ಲರೂ ಮೊಬೈಲ್ ಮೇಲೆ ಗೂಬೆ ಕೂರಿಸುತ್ತಾರೆ. ನನ್ನ ಪುಟದಲ್ಲಿ ಅದಕ್ಕಿಂತ ಜಾಸ್ತಿ ತಿಂದದ್ದು ಪೇಟೆ. ಸ್ಪ್ರೇಯರ್‌ಗೆ ಒಂದು ವಾಷರ್ ಬೇಕು ಅಂತ ಹೊರಟರೆ ಬಸ್ಸಿಗೆ ಕಾಯಬೇಕು, ಅಲ್ಲಿ ಯಾರಾದರೂ ಸಿಗುತ್ತಾರೆ, ಕಾಫಿ ಆಗುತ್ತದೆ, ಬರುವ ಬಸ್ಸು ತಪ್ಪುತ್ತದೆ. ಅರ್ಧ ದಿನ ಹೋಯಿತು. ಟಿಕ್ ಹಾಕಲು ಒಂದು ಸಾಲೂ ಸಿಗುವುದಿಲ್ಲ. ಈಗ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಬೇಕಾದದ್ದೆಲ್ಲ ಅದರಲ್ಲಿ ಸೇರುತ್ತದೆ, ಸಂತೆ ದಿನ ಒಟ್ಟಿಗೆ ತರುತ್ತೇನೆ. ಉಳಿದ ಹೊತ್ತು ನಮ್ಮದೇ ತುಂಡು ಜಾಗದ ಮೆಣಸಿನ ಬಳ್ಳಿಗೆ. ಬದಲಾಯಿಸಿದ್ದು ಅದೊಂದೇ. ಒಂದೇ ಸಲ ಹತ್ತು ಬದಲಾವಣೆ ಬೇಡ.

ಮದುವೆಯಾಗಿದ್ದರೆ ಇಬ್ಬರೂ ಬರೆಯಿರಿ. ನಮ್ಮ ಮನೆಯವರ ಪುಟದಲ್ಲಿ ಬೆಳಗ್ಗೆ ಒಂದೇ ಸಾಲಿನೊಳಗೆ ಒಲೆ, ಮಗಳ ಜಡೆ, ಕೊಟ್ಟಿಗೆ ಮೂರೂ ಇದ್ದವು. ಟಿಕ್ ಹುಡುಕಿದರೂ ಸಿಗಲಿಲ್ಲ. 2019ರ ಸರ್ವೆಯಲ್ಲೂ ಇದೇ ಕಥೆ. ಸಂಬಳವಿಲ್ಲದ ಮನೆಕೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಮಾಡಿದರೆ ಗಂಡಸರು 97. ಇಂಥ ಕಡೆ ‘ಟೈಮ್ ಸರಿಯಾಗಿ ಬಳಸಿಕೋ’ ಅಂತ ಉಪದೇಶ ಮಾಡಿ ಏನೂ ಆಗುವುದಿಲ್ಲ. ಅವರ ಪುಟದ ಕೆಲಸ ಇನ್ನೊಬ್ಬರ ಪುಟಕ್ಕೆ ಬರಬೇಕು. ಕೊಟ್ಟಿಗೆ ಈಗ ನನ್ನ ಪುಟದಲ್ಲಿದೆ.

ನಮ್ಮ ಕಡೆ ಇನ್ನೊಂದು ವಿಷಯ ಉಂಟು. ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರುವಾದರೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ ಬಂದಿರುತ್ತದೆ. ಆಗಿನ ವಾರಕ್ಕೂ ಜುಲೈಯಲ್ಲಿ ಕರೆಂಟೂ ಇಲ್ಲದ ಜಡಿಮಳೆಯ ವಾರಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಕುಯ್ಲಿನಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ ಬರೆಯುತ್ತೇನೆ. ಉಳಿದ ದಿನ ಪುಸ್ತಕ ಮುಟ್ಟುವುದಿಲ್ಲ. ರಷ್ಯಾದಲ್ಲಿ ಅಲೆಕ್ಸಾಂಡರ್ ಲ್ಯುಬಿಶ್ಚೇವ್ ಅಂತ ಒಬ್ಬ ಕೀಟ ವಿಜ್ಞಾನಿ ಇದ್ದರು. 1916ರಲ್ಲಿ ಶುರು ಮಾಡಿ 1972ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಸಮಯದ ಲೆಕ್ಕ ಇಟ್ಟರು. ಅವರಿಗೆ ದೊಡ್ಡ ನಮಸ್ಕಾರ, ನನ್ನ ಕೈಲಿ ಆಗದು.

ಆ್ಯಪ್ ಬೇಕೇ ಬೇಕು ಅಂದರೆ, ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಟಾಗಲ್ ಸರಿಹೋಗಬಹುದು. ಮೊಬೈಲ್ ಎಷ್ಟು ಹೊತ್ತು ನೋಡಿದಿರಿ ಅಂತ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ತಾನೇ ಲೆಕ್ಕ ಇಡುತ್ತದೆ. ಕೊಟ್ಟಿಗೆ, ಬಸ್ ಸ್ಟ್ಯಾಂಡ್ ಅದಕ್ಕೆ ಗೊತ್ತಾಗುವುದಿಲ್ಲ. ಮದುವೆ, ಹಬ್ಬ ಇಲ್ಲದ ಒಂದು ವಾರ ನೋಡಿಕೊಂಡು ಶುರು ಮಾಡಿ. ಆ ವಾರ ಏನನ್ನೂ ತಿದ್ದಲು ಹೋಗಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಕೂಡುವ ಲೆಕ್ಕ ಭಾನುವಾರಕ್ಕೆ.