ಅಮ್ಮನಿಗೆ ಈಗ ಎಷ್ಟು ಬಗೆಯ ಜನ ಇದ್ದಾರೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬೇರೆ ಬೇರೆ ಊರಿನವು, ಆದರೆ ಕೇಳುತ್ತಿರುವುದು ಹೆಚ್ಚುಕಮ್ಮಿ ಒಂದೇ. ಸುತ್ತ ಇರುವ ಜನ, ನಾವಿರುವ ಜಾಗ ನಮ್ಮ ಮೈಗೆ, ನಮ್ಮ ಬದುಕಿಗೆ ಏನು ಮಾಡುತ್ತವೆ? ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅಂಥ ಪತ್ರಗಳು ನನಗೆ ಪದೇ ಪದೇ ಬರುತ್ತಿವೆ.

ಪ್ರಶ್ನೆ: ನಮ್ಮ ಅಮ್ಮನಿಗೆ 67 ವರ್ಷ. ತಿಪಟೂರು ಹತ್ತಿರದ ಹಳ್ಳಿಯವರು. ಅಪ್ಪ ತೀರಿಕೊಂಡ ಮೇಲೆ ಹಸು ಮಾರಿಸಿ ಬೆಂಗಳೂರಿಗೆ ಕರೆದುಕೊಂಡು ಬಂದೆ. ನಮ್ಮದು ಹನ್ನೊಂದನೇ ಮಹಡಿ. ಊಟ, ಔಷಧಿ, ಟಿವಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಹತ್ತು ತಿಂಗಳಲ್ಲಿ ಬಿಪಿ ಏರಿದೆ, ರಾತ್ರಿ ನಿದ್ದೆ ಇಲ್ಲ. ಹೊಸ ಕಾಯಿಲೆ ಏನೂ ಕಾಣುತ್ತಿಲ್ಲ ಅಂತಾರೆ ಡಾಕ್ಟರ್. ಊರಿಗೆ ಬಿಡು ಅಂತ ಅಮ್ಮನ ಹಟ. ಇದು ಬರೀ ಮನಸ್ಸಿನದ್ದಾ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲ, ಇದು ಮೈಗೂ ಸೇರಿದ್ದು. ನಿಮ್ಮ ಪತ್ರ ಓದುವಾಗ "ಹಸು ಮಾರಿಸಿ" ಅನ್ನುವ ಕಡೆ ನಾನು ನಿಂತುಬಿಟ್ಟೆ.

ಬೆಳಗಿನ ಹೊತ್ತು ಹಳ್ಳಿಯ ಡೇರಿ ಮುಂದೆ ನಿಂತು ನೋಡಿದ್ದೀರಾ? ಕ್ಯಾನ್ ಹಿಡಿದು ಸಾಲಾಗಿ ಬರುತ್ತಾರೆ. ಒಬ್ಬರು ಅಳತೆ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಇಡೀ ಕೆಲಸಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಯಾರ ಹಸು ಗಬ್ಬ ಆಯಿತು, ಯಾರ ಮಗುವಿಗೆ ಜ್ವರ, ಯಾರ ಮನೆಗೆ ಹೆಣ್ಣು ನೋಡೋಕೆ ಬಂದಿದ್ದರು, ಎಲ್ಲಾ ಮಾತಾಗಿರುತ್ತದೆ. ಒಂದು ಹೊತ್ತು ಹೋಗಲಿಲ್ಲ ಅಂದರೆ ಸಾಯಂಕಾಲ ಯಾರಾದರೂ ಕೇಳಿಯೇ ಕೇಳುತ್ತಾರೆ, "ಯಾಕಕ್ಕ, ಬೆಳಗ್ಗೆ ಕಾಣಲಿಲ್ಲ?" ಜೊತೆಗೆ ಹಾಲಿನ ದುಡ್ಡು, ಅದು ಅವರದೇ ದುಡ್ಡು. ಈಗ ಮೊಮ್ಮಗುವಿಗೆ ಒಂದು ಬಿಸ್ಕತ್ ಪೊಟ್ಟಣ ತರಬೇಕು ಅಂದರೂ ನಿಮ್ಮ ಹತ್ತಿರ ಕೇಳಬೇಕು.

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಊರಲ್ಲಿ ಅವರು ಡೇರಿಗೆ ಹಾಲು ಹಾಕುವವರು. ಪಕ್ಕದ ಮನೆಯವರಿಗೆ ಅಕ್ಕ. ಸ್ತ್ರೀಶಕ್ತಿ ಸಂಘದಲ್ಲಿ ಇದ್ದಿರಬಹುದು, ಭಜನೆಗೆ ಹೋಗುತ್ತಿದ್ದಿರಬಹುದು, ಬಾಣಂತಿ ಮನೆಗೆ ಎಣ್ಣೆನೀರು ಹಾಕೋಕೆ ಕರೆಸಿಕೊಳ್ಳುತ್ತಿದ್ದಿರಬಹುದು. ಇವೆಲ್ಲದರ ಜೊತೆ ನಿಮಗೆ ಅಮ್ಮ. ಬೆಂಗಳೂರಿಗೆ ಬಂದ ಮೇಲೆ ಉಳಿದಿದ್ದು ಈ ಕೊನೆಯದೊಂದೇ. ನೀವು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಒಬ್ಬ ಮಗ ಇಡೀ ಊರಿನ ಜಾಗ ತುಂಬೋಕೆ ಆಗಲ್ಲ.

ಬಗೆ ಬಗೆಯ ಜನ ಅಂತ ನಾನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೊಹೆನ್ ಮತ್ತು ಅವರ ಜೊತೆಯವರು 1997ರಲ್ಲಿ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಆರೋಗ್ಯವಾಗಿದ್ದ 276 ಜನರ ಮೂಗಿಗೆ, ಅವರ ಒಪ್ಪಿಗೆ ಪಡೆದು, ನೆಗಡಿಯ ವೈರಸ್ ಇರುವ ಹನಿ ಹಾಕಿದರು. ಅದಕ್ಕೆ ಮುಂಚೆ ಪ್ರತಿಯೊಬ್ಬರಿಗೂ ಎಷ್ಟು ಬಗೆಯ ಸಂಬಂಧ ಇದೆ ಅಂತ ಕೇಳಿಕೊಂಡಿದ್ದರು: ಗಂಡ-ಹೆಂಡತಿ, ಮಕ್ಕಳು, ಅಕ್ಕಪಕ್ಕದವರು, ಕೆಲಸದ ಜಾಗದವರು, ಗೆಳೆಯರು, ಸಂಘದವರು, ಹೀಗೆ. ವೈರಸ್ ಎಲ್ಲರ ಮೂಗಿಗೂ ಹೋಗಿತ್ತು. ಆದರೆ ಆರು ಅಥವಾ ಹೆಚ್ಚು ಬಗೆಯ ಸಂಬಂಧ ಇದ್ದವರಿಗೆ ಹೋಲಿಸಿದರೆ, ಒಂದರಿಂದ ಮೂರು ಬಗೆ ಮಾತ್ರ ಇದ್ದವರು ನೆಗಡಿಗೆ ಬೀಳುವ ಅಪಾಯ ನಾಲ್ಕು ಪಟ್ಟಿಗಿಂತ ಜಾಸ್ತಿ ಇತ್ತು. ಸಿಗರೇಟು, ನಿದ್ದೆ, ವ್ಯಾಯಾಮದ ಲೆಕ್ಕ ತೆಗೆದರೂ ಈ ವ್ಯತ್ಯಾಸ ಪೂರ್ತಿ ಹೋಗಲಿಲ್ಲ.

ಇದು ನೆಗಡಿಯ ಮಾತಾಯಿತು. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ 1965ರಲ್ಲಿ ಸುಮಾರು 7,000 ವಯಸ್ಕರ ಬದುಕಿನ ವಿವರ ಬರೆದುಕೊಂಡು, ಒಂಬತ್ತು ವರ್ಷ ಯಾರು ಉಳಿದರು, ಯಾರು ಹೋದರು ಅಂತ ನೋಡಿದರು. ಬಹಳ ಜನರ ಒಡನಾಟ ಇದ್ದವರಿಗಿಂತ ತೀರಾ ಕಡಿಮೆ ಒಡನಾಟ ಇದ್ದವರಲ್ಲಿ ಸಾವು ಎರಡು ಪಟ್ಟಿಗೂ ಜಾಸ್ತಿ. ಈ ವ್ಯತ್ಯಾಸ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅವರಲ್ಲಿ 2.8 ಪಟ್ಟು. ಕಾಯಿಲೆಯವರು ಹೇಗೂ ಮನೆಯಲ್ಲೇ ಕೂರುತ್ತಾರೆ, ಅದಕ್ಕೇ ಹೀಗೆ ಕಂಡಿರಬಹುದು ಅಂತ ನಿಮಗೆ ಅನ್ನಿಸಬಹುದು. ಶುರುವಿನಲ್ಲಿ ಆರೋಗ್ಯ ಹೇಗಿತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದಿದ್ದರು, ಆಗಲೂ ಫಲ ಹೀಗೇ ಬಂತು.

ನನಗೆ ಎಲ್ಲಕ್ಕಿಂತ ಕಾಡುವುದು ರೊಸೆಟೊ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಟಲಿಯಿಂದ ವಲಸೆ ಹೋದವರು ಕಟ್ಟಿಕೊಂಡ ಸಣ್ಣ ಊರು ಅದು. ಗಂಡಸರು ಕಲ್ಲು ಗಣಿಯಲ್ಲಿ ದುಡಿಯುತ್ತಿದ್ದರು, ಸಿಗರೇಟು ಸೇದುತ್ತಿದ್ದರು, ಅಡುಗೆಗೆ ಹಂದಿ ಕೊಬ್ಬು ಬಳಸುತ್ತಿದ್ದರು. ಆದರೂ 1960ರ ದಶಕದ ಮೊದಲಲ್ಲಿ ಡಾಕ್ಟರುಗಳು ಹೋಗಿ ನೋಡಿದಾಗ ಅಲ್ಲಿ ಹೃದಯಾಘಾತದ ಸಾವು ಅಕ್ಕಪಕ್ಕದ ಊರುಗಳಿಗಿಂತ ತೀರಾ ಕಡಿಮೆ. ಒಂದೇ ಮನೆಯಲ್ಲಿ ಮೂರು ತಲೆಮಾರು, ವಯಸ್ಸಾದವರ ಮಾತಿಗೆ ಬೆಲೆ, ದುಡ್ಡಿದ್ದವರೂ ಮೆರೆಯದ ಬದುಕು. ಆಮೇಲೆ ಮಕ್ಕಳು ಓದಿದರು, ದೂರ ದೂರ ದೊಡ್ಡ ಮನೆ ಕಟ್ಟಿಕೊಂಡರು, ಬೇಲಿ ಹಾಕಿಕೊಂಡರು. ಐವತ್ತು ವರ್ಷದ ಸಾವಿನ ದಾಖಲೆ ತೆಗೆದು ನೋಡಿದರೆ, ಪಕ್ಕದ ಊರಿಗೂ ರೊಸೆಟೊಗೂ ಇದ್ದ ವ್ಯತ್ಯಾಸ ಕೊನೆಗೆ ಅಳಿಸಿಯೇ ಹೋಗಿತ್ತು.

ಇದು ಮೈಯೊಳಗೆ ಹೇಗೆ ಇಳಿಯುತ್ತದೆ? ಜೊತೆಗೆ ಯಾರೂ ಇಲ್ಲ ಅನ್ನಿಸಿದಾಗ ದೇಹ ಕಾವಲಿಗೆ ಕೂರುತ್ತದೆ. ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳು ಹೊತ್ತಲ್ಲದ ಹೊತ್ತಲ್ಲಿ ಏರುತ್ತವೆ, ನಿದ್ದೆ ತೆಳುವಾಗುತ್ತದೆ, ರಕ್ತದೊತ್ತಡ ಇಳಿಯಬೇಕಾದ ಹೊತ್ತಿನಲ್ಲೂ ಪೂರ್ತಿ ಇಳಿಯುವುದಿಲ್ಲ. ಜೊತೆಗೆ ಓಡಾಟವೂ ನಿಂತಿದೆ. ಕೊಟ್ಟಿಗೆ, ಡೇರಿ, ತೋಟ ಅಂತ ದಿನಕ್ಕೆ ಎಷ್ಟು ನಡೆಯುತ್ತಿದ್ದರು, ಈಗ ಹಾಲ್‌ನಿಂದ ಬಾಲ್ಕನಿವರೆಗೆ.

ಈಗ ನೀವು ಮಾಡಬೇಕಾದ್ದು. ಬಿಪಿ ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಗಂಡ ಹೋಗಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಊಟ ಬೇಡ, ಬದುಕೇ ಬೇಡ ಅನ್ನುವ ಮಾತು ಬಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿಗೆ ಬೇಕಾದರೂ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ಊರಿನ ವಿಷಯ. ಬಿಟ್ಟು ಬಂದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ನಿಮಗೆ ಇದ್ದೇ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟು, ಬಿಪಿ ನೋಡೋಕೆ, ರಾತ್ರಿ ಹೊತ್ತು ಕರೆದರೆ ಬರೋಕೆ ಅಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ. ಇದ್ದರೆ ಎರಡು ತಿಂಗಳು ಅಲ್ಲಿ ಬಿಟ್ಟು ನೋಡಿ. ಒಂದು ಹಸು ಕಟ್ಟಿಕೊಡೋಕೆ ಆಗುತ್ತಾ ಅಂತಲೂ ನೋಡಿ. ಆಗಲೇ ಇಲ್ಲ ಅಂದರೆ ಬೆಂಗಳೂರಲ್ಲೇ ಒಂದೊಂದೇ ಬಗೆ ಕೂಡಿಸಬೇಕು. ಸೊಪ್ಪಿನ ಗಾಡಿ ಬಂದಾಗ ಮೊಬೈಲಲ್ಲಿ ತರಿಸಬೇಡಿ, ಅವರ ಕೈಗೆ ದುಡ್ಡು ಕೊಟ್ಟು ಅವರನ್ನೇ ಕಳಿಸಿ. ವಾರಕ್ಕೆ ನಾಲ್ಕು ದಿನ ತರುವಷ್ಟರಲ್ಲಿ ಗಾಡಿಯವಳಿಗೆ ಇವರು "ಅಜ್ಜಿ" ಆಗಿರುತ್ತಾರೆ. ಅದೇ ಕಟ್ಟಡದಲ್ಲಿ ಇವರ ಹಾಗೆ ಊರು ಬಿಟ್ಟು ಬಂದ ಇನ್ನಿಬ್ಬರು ಮೂವರು ಖಂಡಿತ ಇರುತ್ತಾರೆ, ಅವರ ಬಾಗಿಲು ಮೊದಲ ಸಲ ನೀವೇ ತಟ್ಟಿ.

ಪ್ರಶ್ನೆ: ಹೊಸ ಬಾಡಿಗೆ ಮನೆಗೆ ಬಂದ ಮೇಲೆ ಮಗನಿಗೆ ಕೆಮ್ಮು, ಉಬ್ಬಸ. ವಾಸ್ತು ಸರಿ ಇಲ್ಲ, ಬಾಗಿಲು ಬದಲಿಸಿ ಅಂತಾರೆ. — ಓದುಗರು, ಮಂಗಳೂರು

ಉತ್ತರ: ಬಾಗಿಲನ್ನು ಬಿಡಿ, ಗೋಡೆ ನೋಡಿ. ಮಗ ಮಲಗುವ ಮಂಚವನ್ನು ಒಂದು ಅಡಿ ಎಳೆದು, ಹಿಂದಿನ ಗೋಡೆಗೆ ಕೈ ಇಡಿ. ತಣ್ಣಗೆ, ಒದ್ದೆಯಾಗಿ, ಕಪ್ಪು ಚುಕ್ಕೆ ಇದ್ದರೆ ಅದು ಬೂಷ್ಟು. ನಿಮ್ಮ ಕಡೆಯ ಮಳೆಗಾಲದಲ್ಲಿ ಇದು ಎಷ್ಟೋ ಮನೆಗಳ ಪಾಡು. ಬೂಷ್ಟಿನ ಪುಡಿ ಉಬ್ಬಸ ಕೆದಕುತ್ತದೆ. ಕಿಟಕಿ ಮುಚ್ಚಿ ರಾತ್ರಿಯಿಡೀ ಸೊಳ್ಳೆ ಬತ್ತಿ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ, ಸೊಳ್ಳೆ ಪರದೆ ಕಟ್ಟಿ. ಮನೆ ಮಾಲೀಕರ ಹತ್ತಿರ ಸೋರುವ ಪೈಪು, ಮಾಡು ಸರಿಮಾಡಿಸಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಇನ್ಹೇಲರ್ ಬರೆದರೆ ಹೆದರಬೇಡಿ.

ಮನೆ ಆರೋಗ್ಯದ ಮೇಲೆ ಪರಿಣಾಮ ಮಾಡುತ್ತದೆ ಅನ್ನುವ ನಿಮ್ಮ ಊಹೆ ಸರಿಯೇ. ಕಿಟಕಿಯ ಆಚೆ ಏನು ಕಾಣುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಷನ್ ಆದವರ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು.

ಪ್ರಶ್ನೆ: ನನಗೆ 24. ಬಿಕಾಂ ಮುಗಿದು ಎರಡು ವರ್ಷ ಆಯಿತು, ಕೆಲಸ ಇಲ್ಲ. ಸಂಜೆ ಚಹಾದಂಗಡಿ ಹತ್ತಿರ ಐದು ಜನ ಗೆಳೆಯರು ಸೇರುತ್ತೇವೆ, ಯಾರಿಗೂ ಕೆಲಸ ಇಲ್ಲ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತ ಅವ್ವ ಬೈತಾಳೆ. ಇವರನ್ನ ಬಿಡಬೇಕಾ? — ಓದುಗರು, ಕೊಪ್ಪಳ

ಉತ್ತರ: ಬಿಡಬೇಡ ತಮ್ಮಾ. ಕೆಲಸವಿಲ್ಲದ ಎರಡು ವರ್ಷದಲ್ಲಿ ನಿನ್ನ ಜೊತೆ ಕೂತವರು ಅವರು. ಆದರೆ ಅವ್ವನ ಮಾತಲ್ಲೂ ಒಂದು ಸತ್ಯ ಇದೆ. ಐದೂ ಜನ ಒಂದೇ ಕಡೆ ಕೂತಿದ್ದೀರಿ, ಒಬ್ಬನಿಗೆ ಗೊತ್ತಿರುವ ಸುದ್ದಿಯೇ ಉಳಿದ ನಾಲ್ವರಿಗೂ ಗೊತ್ತು. ಹೊಸ ಕೆಲಸದ ಸುದ್ದಿ ಆ ಗುಂಪಿನ ಒಳಗೆ ಬರೋಕೆ ದಾರಿಯೇ ಇಲ್ಲ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ್ದು ಇದನ್ನೇ. ಬಾಸ್ಟನ್ ಹತ್ತಿರ, ಪರಿಚಯದ ಮೂಲಕ ಕೆಲಸ ಹಿಡಿದವರನ್ನು ಅವರು ಕೇಳಿದರು, ಆ ಸುದ್ದಿ ಕೊಟ್ಟವರು ನಿಮಗೆ ಎಷ್ಟು ಸಿಗುತ್ತಿದ್ದರು ಅಂತ. ಆಗಾಗ ಸಿಗುವವರು ಅಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದಿದ್ದು ಯಾವಾಗಲೋ ಒಮ್ಮೆ ಕಾಣುವ ಜನರಿಂದ. 2022ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ತಂಡ ಅಮೆರಿಕದ 7 ಕೋಟಿಗೂ ಜಾಸ್ತಿ ಜನರ ಫೇಸ್‌ಬುಕ್ ಗೆಳೆತನ ನೋಡಿ ಕಂಡುಕೊಂಡಿದ್ದು ಏನೆಂದರೆ, ಬಡವರ ಮಕ್ಕಳಿಗೆ ಉಳ್ಳವರ ಗೆಳೆತನ ಸಿಗುವ ಊರುಗಳಲ್ಲಿ ಬಡ ಮಕ್ಕಳು ದೊಡ್ಡವರಾದಾಗ ಹೆಚ್ಚು ಮೇಲೆ ಬರುತ್ತಾರೆ. ಅಲ್ಲಿಯ ಮಾತು ಇಲ್ಲಿಗೆ ಹಾಗೇ ಹೊಂದಲ್ಲ, ಜಾತಿ, ಓಣಿ, ಕಲಿತ ಶಾಲೆ ಎಲ್ಲಾ ನಮ್ಮಲ್ಲಿ ಅಡ್ಡ ಬರುತ್ತವೆ. ಅದಕ್ಕೇ ನಿನ್ನಂಥವರು ಎರಡು ಹೆಜ್ಜೆ ಜಾಸ್ತಿ ಇಡಬೇಕಾಗುತ್ತದೆ, ಇದು ನ್ಯಾಯವಲ್ಲ ಅಂತ ನನಗೂ ಗೊತ್ತು.

ಈ ತಿಂಗಳು ಹತ್ತು ಜನರ ಪಟ್ಟಿ ಮಾಡು: ಕಾಲೇಜಿನ ಲೆಕ್ಕಶಾಸ್ತ್ರದ ಮೇಷ್ಟ್ರು, ಹೊಸಪೇಟೆಯಲ್ಲಿ ಕೆಲಸ ಹಿಡಿದ ಸೀನಿಯರ್, ದೊಡ್ಡ ಅಂಗಡಿಗೆ ಜಿಎಸ್‌ಟಿ ಲೆಕ್ಕ ಬರೆದುಕೊಡುವವರು, ಮದುವೆಯಲ್ಲಿ ಒಮ್ಮೆ ಸಿಕ್ಕಿದ್ದ ಬ್ಯಾಂಕಿನವರು. ಕೆಲಸ ಕೊಡಿ ಅಂತ ಕೇಳಬೇಡ, "ನಿಮ್ಮಲ್ಲಿ ಈ ಕೆಲಸಕ್ಕೆ ಏನು ಬರಬೇಕಾಗುತ್ತೆ ಸರ್?" ಅಂತ ಕೇಳು. ಗೆಳೆಯರಿಗೂ ಹೇಳು, ಅವರೂ ಹತ್ತು ಹತ್ತು ಹೆಸರು ಬರೆಯಲಿ. ಸಂಜೆ ಚಹಾ ಕುಡಿಯುವಾಗ ಐದು ಪಟ್ಟಿ ಮೇಜಿನ ಮೇಲೆ ಇರಲಿ.

ಪ್ರಶ್ನೆ: ನಾಲ್ಕು ವರ್ಷದಿಂದ ಅತ್ತೆಗೆ ಮರೆವಿನ ಕಾಯಿಲೆ. ಹಗಲು ರಾತ್ರಿ ನಾನೇ ನೋಡಿಕೊಳ್ಳುವುದು. ಮೆಟ್ಟುಗತ್ತಿ ತಾಗಿ ಕೈಗೆ ಆದ ಸಣ್ಣ ಗಾಯ ಒಂದು ತಿಂಗಳಾದರೂ ಮಾಗಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ? — ಓದುಗರು, ಶಿರಸಿ

ಉತ್ತರ: ಇರಬಹುದು. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅವರ ತಂಡ, ಮರೆವಿನ ಕಾಯಿಲೆಯ ಸಂಬಂಧಿಕರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನೂ ಅದೇ ವಯಸ್ಸಿನ ಬೇರೆ 13 ಹೆಂಗಸರನ್ನೂ ತೆಗೆದುಕೊಂಡು, ಎಲ್ಲರ ತೋಳಿನ ಮೇಲೂ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ ನೋಡಿತು. ಆರೈಕೆ ಮಾಡುತ್ತಿದ್ದವರ ಗಾಯ ಮಾಗೋಕೆ ಸರಾಸರಿ ಒಂಬತ್ತು ದಿನ ಜಾಸ್ತಿ ಹಿಡಿಯಿತು. ಸಣ್ಣ ಅಧ್ಯಯನ, ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅದೇ.

ನಾಲ್ಕು ವರ್ಷದಲ್ಲಿ ನೀವು ಎಷ್ಟು ಮದುವೆ, ಎಷ್ಟು ತೇರು ತಪ್ಪಿಸಿಕೊಂಡಿದ್ದೀರೋ. ಮನೆಯವರು ಫೋನ್ ಮಾಡಿ "ಹೇಗಿದ್ದಾರೆ?" ಅಂತ ಕೇಳುವುದು ಅತ್ತೆಯನ್ನ, ನಿಮ್ಮನ್ನಲ್ಲ, ಅಲ್ವಾ? ಮುಂದಿನ ಸಲ ಫೋನ್ ಬಂದಾಗ ನಾದಿನಿಗೋ ಮೈದುನನಿಗೋ ದಿನ ಹೆಸರಿಸಿ ಕೇಳಿ: "ಭಾನುವಾರ ಬೆಳಗ್ಗೆ ಬಂದು ಸಂಜೆವರೆಗೆ ಇರಿ, ನಾನು ತವರಿಗೆ ಹೋಗಿ ಬರುತ್ತೇನೆ." ಬಿಡುವಾದಾಗ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಅವರು ಬರುವ ಮುಂಚೆ ಅತ್ತೆಯ ಔಷಧಿ ಹೊತ್ತು, ಅವರು ಹಟ ಮಾಡಿದಾಗ ಯಾವ ಮಾತಿಗೆ ಸಮಾಧಾನ ಆಗುತ್ತಾರೆ ಅನ್ನುವುದನ್ನ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿಡಿ.

ಇದೆಲ್ಲಕ್ಕಿಂತ ಮೊದಲು ಈ ವಾರವೇ ಆ ಕೈಯನ್ನು ಡಾಕ್ಟರಿಗೆ ತೋರಿಸಿ, ಸಕ್ಕರೆ ಪರೀಕ್ಷೆ ಮಾಡಿಸಿ. ಗಾಯ ಮಾಗದೆ ಇರೋಕೆ ಮಧುಮೇಹವೂ ಕಾರಣ ಆಗಿರಬಹುದು. ಅತ್ತೆಯ ರಿಪೋರ್ಟು ಹಿಡಿದುಕೊಂಡು ಹೋದ ದಿನ ನಿಮ್ಮದೂ ಒಂದು ಚೀಟಿ ಬರೆಸಿ.