ಐವತ್ತಾರರ ಲೆಕ್ಕ: ಕ್ಲೀವ್‌ಲ್ಯಾಂಡಿಗೆ ಹೊಸದಾಗಿ ಬಂದವರಿಗೊಂದು ಉತ್ತರ

ಪ್ರಿಯ ಮಿತ್ರರೇ,

ಹಾಸನದಿಂದ ಅಮೆರಿಕದ ಈ ಊರಿಗೆ ಬಂದು ಕೆಲಸಕ್ಕೆ ಸೇರಿರುವ ನೀವು ಬಾಡಿಗೆ ಮನೆಯನ್ನೋ ಚಳಿಗಾಲದ ಕೋಟನ್ನೋ ಕುರಿತು ಕೇಳುವಿರೆಂದು ನಿರೀಕ್ಷಿಸಿದ್ದೆ. ನೀವು ಕೇಳಿದ್ದು ಬೇಸ್‌ಬಾಲಿನ ವಿಷಯ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಹೋದ್ಯೋಗಿಗಳು ಬೇರೆ ಮಾತೇ ಆಡುವುದಿಲ್ಲವೆಂದೂ, ಯಾವನೋ ಆಟಗಾರ ಸತತ ಹದಿನೆಂಟು ಪಂದ್ಯಗಳಲ್ಲಿ ಹಿಟ್ ಪಡೆದನೆಂದು ಒಬ್ಬರು ಹೇಳಿದಾಗ ಇನ್ನೊಬ್ಬರು 'ಐವತ್ತಾರು ಇನ್ನೂ ದೂರವಿದೆ' ಎಂದದ್ದಕ್ಕೆ ಎಲ್ಲರೂ ನಕ್ಕರೆಂದೂ, ನಿಮಗೊಬ್ಬರಿಗೆ ಆ ನಗುವಿನ ಕಾರಣ ತಿಳಿಯಲಿಲ್ಲವೆಂದೂ ಬರೆದಿದ್ದೀರಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಆಟ ಹಿಡಿಸೀತೇ, ಇದನ್ನು ಕಲಿಯಲೇಬೇಕೇ ಎಂಬುದು ನಿಮ್ಮ ಪ್ರಶ್ನೆ. ಕಲಿಯಿರಿ ಎಂದೇ ಹೇಳುತ್ತೇನೆ. ಆದರೆ ನಿಯಮಗಳಿಂದ ಆರಂಭಿಸಬೇಡಿ, ಅಂಕಿಗಳಿಂದ ಆರಂಭಿಸಿ. ಏಕೆಂದರೆ ಇಲ್ಲಿಯವರು ಆಟವನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಅದರ ಅಂಕಿಗಳ ಮೇಲೆ ವಾದಿಸುತ್ತಾರೆ, ಮತ್ತು ಆ ವಾದಕ್ಕೆ ಹೊಸಬರನ್ನು ಸೇರಿಸಿಕೊಳ್ಳಲು ಅವರಿಗೆ ಯಾವ ಸಂಕೋಚವೂ ಇಲ್ಲ.

ಮೊದಲು ಸರಾಸರಿಯ ಲೆಕ್ಕ ತಿಳಿದುಕೊಳ್ಳಬೇಕು. ನಮ್ಮಲ್ಲಿ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸುತ್ತೇವೆ. ಇಲ್ಲಿ ಹಿಟ್‌ಗಳನ್ನು, ಅಂದರೆ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸು (ಓಡಿ ಮುಟ್ಟಬೇಕಾದ ನೆಲೆ) ತಲುಪಿದ ಸಲಗಳನ್ನು, ಅಟ್-ಬ್ಯಾಟ್‌ಗಳಿಂದ, ಅಂದರೆ ಬ್ಯಾಟ್ ಹಿಡಿದು ನಿಂತು ಪ್ರಯತ್ನಿಸಿದ ಸಲಗಳಿಂದ, ಭಾಗಿಸಿ ಮೂರು ದಶಮಾಂಶಗಳವರೆಗೆ ಬರೆಯುತ್ತಾರೆ. 0.300 ಎಂಬುದನ್ನು 'ತ್ರೀ ಹಂಡ್ರೆಡ್' ಎಂದು ಓದುತ್ತಾರೆ. ಹತ್ತು ಸಲದಲ್ಲಿ ಏಳು ಸಲ ವಿಫಲನಾಗುವವನು ಇಲ್ಲಿ ಶ್ರೇಷ್ಠ ಬ್ಯಾಟರ್. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ನೆನಪಿಡಿ: ಒಂದು ಋತುವಿಗೆ 162 ಪಂದ್ಯಗಳು, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಹಾಗಾಗಿ ಹಿಟ್ಟಿಂಗ್ ಸ್ಟ್ರೀಕ್ ಎಂದರೆ ದಿನವೂ ತಪ್ಪದೆ ಕನಿಷ್ಠ ಒಂದು ಹಿಟ್ ಪಡೆಯುವ ವ್ರತ. ನಿನ್ನೆ ನಾಲ್ಕು ಹಿಟ್ ಪಡೆದಿದ್ದರೂ ಇಂದಿನ ಲೆಕ್ಕಕ್ಕೆ ಅದು ಬರುವುದಿಲ್ಲ. ನಿಯಮದ ಒಂದು ಸೂಕ್ಷ್ಮವೂ ಇದೆ: ಬ್ಯಾಟರನಿಗೆ ಇಡೀ ಪಂದ್ಯದಲ್ಲಿ ವಾಕ್ (ನಾಲ್ಕು ಕೆಟ್ಟ ಎಸೆತಗಳಿಂದಾಗಿ ಹೊಡೆಯದೆಯೇ ದಕ್ಕುವ ಮೊದಲ ಬೇಸು) ಮಾತ್ರ ಸಿಕ್ಕರೆ ಸ್ಟ್ರೀಕ್ ಮುರಿಯುವುದಿಲ್ಲ, ಆದರೆ ಹಿಟ್ ಒಂದೂ ಇಲ್ಲದೆ ಸ್ಯಾಕ್ರಿಫೈಸ್ ಫ್ಲೈ ಹೊಡೆದು, ಅಂದರೆ ತಾನು ಕ್ಯಾಚಿಗೆ ಔಟಾದರೂ ಬೇಸಿನಲ್ಲಿದ್ದ ಜೊತೆಗಾರ ಓಡಿ ಮುಗಿಸುವಂತೆ ಎತ್ತರಕ್ಕೆ ಹೊಡೆದು, ತಂಡಕ್ಕೆ ರನ್ ತಂದುಕೊಟ್ಟರೆ ಮುರಿಯುತ್ತದೆ. ತಂಡಕ್ಕೆ ಉಪಕಾರ ಮಾಡಿದವನಿಗೇ ದಂಡ. ನನಗೆ ಇದು ಇಂದಿಗೂ ನ್ಯಾಯವೆನಿಸಿಲ್ಲ.

ಇನ್ನು ಆ ಐವತ್ತಾರು. ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊ 1941ರ ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ ಹಿಟ್ ಪಡೆದರು. ಆ ಅವಧಿಯಲ್ಲಿ ಅವರದು 223 ಅಟ್-ಬ್ಯಾಟ್‌ಗಳಲ್ಲಿ 91 ಹಿಟ್, ಅಂದರೆ 0.408ರ ಸರಾಸರಿ. ಇದು ಎಷ್ಟು ಕಷ್ಟವೆಂಬುದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಬಹುದು. 0.350ರ ಅಸಾಧಾರಣ ಬ್ಯಾಟರನಿಗೆ ದಿನಕ್ಕೆ ನಾಲ್ಕು ಅವಕಾಶ ಸಿಗುತ್ತವೆ ಎಂದುಕೊಳ್ಳಿ. ನಾಲ್ಕರಲ್ಲೂ ವಿಫಲನಾಗುವ ಸಂಭವ 0.65ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು ಶೇ. 18. ಹಾಗಾದರೆ ಯಾವುದೇ ಒಂದು ದಿನ ಹಿಟ್ ಸಿಗುವ ಸಂಭವ ಶೇ. 82. ಕೇಳಲು ಬಹಳ ಎನಿಸುತ್ತದೆ. ಅದನ್ನು ಮೂವತ್ತು ದಿನಗಳಿಗೆ ಗುಣಿಸುತ್ತ ಹೋದರೆ ಸುಮಾರು 365ಕ್ಕೆ ಒಂದು ಉಳಿಯುತ್ತದೆ. ಐವತ್ತಾರು ದಿನಗಳಿಗೆ ಗುಣಿಸಿದರೆ ಸುಮಾರು ಅರವತ್ತು ಸಾವಿರಕ್ಕೆ ಒಂದು. ಸಾವಿರಾರು ಆಟಗಾರರು ನೂರಕ್ಕೂ ಹೆಚ್ಚು ಋತುಗಳಲ್ಲಿ ಪ್ರಯತ್ನಿಸಿದ್ದಾರಲ್ಲ, ಯಾರಿಗಾದರೂ ಒಮ್ಮೆ ಒಲಿಯಬೇಕಲ್ಲ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ, ಆದರೆ ಅವರಲ್ಲಿ 0.350ರ ಆಸುಪಾಸಿನಲ್ಲಿ ಹೊಡೆದವರು ವಿರಳ. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಈ ಲೆಕ್ಕವನ್ನು ಮಾಡಿ ನೋಡಿ, ಬೇಸ್‌ಬಾಲಿನ ಎಲ್ಲ ಸ್ಟ್ರೀಕುಗಳೂ ಸಂಭವನೀಯತೆಯ ಮಿತಿಯೊಳಗೇ ಇವೆ, ಡಿಮ್ಯಾಜಿಯೊ ಅವರದೊಂದನ್ನು ಬಿಟ್ಟು, ಎಂಬ ತೀರ್ಮಾನಕ್ಕೆ ಬಂದರು. ನಿಮ್ಮ ಸಹೋದ್ಯೋಗಿಗಳು ನಕ್ಕದ್ದಕ್ಕೆ ಕಾರಣ ಇಷ್ಟೇ: ಹದಿನೆಂಟು ಪ್ರತಿ ಋತುವಿನಲ್ಲೂ ಕಾಣಸಿಗುತ್ತದೆ, ಐವತ್ತಾರು ಒಂದೇ ಒಂದು ಸಲ ಕಂಡದ್ದು.

ಆದರೆ ನಾಣ್ಯ ಚಿಮ್ಮಿದಂತೆ ಕಾಣುವ ಈ ಲೆಕ್ಕದಲ್ಲಿ ಬಹಳಷ್ಟು ಜನರ ಕೈಯಿದೆ ಎಂಬುದೇ ನನಗೆ ಹೆಚ್ಚು ಸ್ವಾರಸ್ಯದ ಸಂಗತಿ. ಮೂವತ್ತನೆಯ ಪಂದ್ಯದಲ್ಲಿ ಡಿಮ್ಯಾಜಿಯೊ ಹೊಡೆದ ಚೆಂಡು ನೆಲದ ಮೇಲೆ ಅಡ್ಡಾದಿಡ್ಡಿ ಪುಟಿದು ಶಿಕಾಗೊ ತಂಡದ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಫೀಲ್ಡರ್) ಲ್ಯೂಕ್ ಆಪ್ಲಿಂಗ್ ಅವರ ಭುಜಕ್ಕೆ ತಾಗಿತು. ಅದು ಹಿಟ್ಟೋ ಫೀಲ್ಡರನ ತಪ್ಪೋ ಎಂದು ನಿರ್ಧರಿಸುವವನು ಅಧಿಕೃತ ಸ್ಕೋರರ್. ಆ ಕಾಲದಲ್ಲಿ ಆ ಕೆಲಸವನ್ನು ಪತ್ರಿಕಾ ವರದಿಗಾರರೇ ಮಾಡುತ್ತಿದ್ದರು. ಹಿಟ್ ಎಂದು ಬರೆಯಲಾಯಿತು. ಮೂವತ್ತೆಂಟನೆಯ ಪಂದ್ಯದ ಎಂಟನೆಯ ಇನ್ನಿಂಗ್ಸಿನಲ್ಲಿ (ಇಲ್ಲಿ ಪಂದ್ಯಕ್ಕೆ ಒಂಬತ್ತು ಚಿಕ್ಕ ಇನ್ನಿಂಗ್ಸ್‌ಗಳು) ಡಿಮ್ಯಾಜಿಯೊ ಅವರಿಗೆ ಇನ್ನೂ ಹಿಟ್ ಸಿಕ್ಕಿರಲಿಲ್ಲ. ಅವರಿಗಿಂತ ಮೊದಲು ಬ್ಯಾಟಿಗೆ ಬಂದ ಟಾಮಿ ಹೆನ್ರಿಕ್, ತಾನು ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವುದು) ಸಿಕ್ಕರೆ ಇನ್ನಿಂಗ್ಸೇ ಮುಗಿದುಹೋಗಿ ಗೆಳೆಯನಿಗೆ ಸರದಿ ಬರುವುದಿಲ್ಲವೆಂದು ಎಣಿಸಿ, ಬೇಕೆಂದೇ ಬಂಟ್ ಮಾಡಿ, ಅಂದರೆ ಚೆಂಡನ್ನು ಬ್ಯಾಟಿಗೆ ಮೆಲ್ಲಗೆ ತಾಗಿಸಿ ಉರುಳಿಸಿ, ಔಟಾದರು. ಮುಂದೆ ಬಂದ ಡಿಮ್ಯಾಜಿಯೊ ಎರಡನೆಯ ಬೇಸಿನವರೆಗೆ ಮುಟ್ಟಿಸುವ ಹಿಟ್, ಅಂದರೆ ಡಬಲ್ ಹೊಡೆದರು. ಜೂನ್ 29ರಂದು ವಾಷಿಂಗ್ಟನ್ನಿನಲ್ಲಿ ಒಂದೇ ದಿನ ಎರಡು ಪಂದ್ಯಗಳಿದ್ದವು. ನಡುವಿನ ಬಿಡುವಿನಲ್ಲಿ ಯಾರೋ ಅವರ ಮೆಚ್ಚಿನ ಬ್ಯಾಟನ್ನೇ ಕದ್ದರು. ಹೆನ್ರಿಕ್ ಬಳಿಯಿದ್ದ ಬ್ಯಾಟನ್ನು ಎರವಲು ಪಡೆದು ಆಡಿ, 1922ರಲ್ಲಿ ಜಾರ್ಜ್ ಸಿಸ್ಲರ್ ಸ್ಥಾಪಿಸಿದ್ದ 41ರ ದಾಖಲೆಯನ್ನು ಅವರು ಅದೇ ದಿನ ದಾಟಿದರು.

ಅದೆಲ್ಲ ಮುಗಿದದ್ದು ನಿಮ್ಮ ಈಗಿನ ಊರಿನಲ್ಲಿ. 1941ರ ಜುಲೈ 17ರ ರಾತ್ರಿ, ಈರಿ ಸರೋವರದ ದಂಡೆಯಲ್ಲಿದ್ದ ಮುನಿಸಿಪಲ್ ಸ್ಟೇಡಿಯಮ್ಮಿನಲ್ಲಿ 67,468 ಜನ ಸೇರಿದ್ದರು. ಕ್ಲೀವ್‌ಲ್ಯಾಂಡ್ ತಂಡದ ಕೆನ್ ಕೆಲ್ಟ್ನರ್ ಮೂರನೆಯ ಬೇಸಿನ ಬಹಳ ಹಿಂದೆ, ಗೆರೆಗೆ ಅಂಟಿಕೊಂಡಂತೆ ನಿಂತಿದ್ದರು. ಮೊದಲ ಇನ್ನಿಂಗ್ಸಿನಲ್ಲಿ ಗೆರೆಯ ಗುಂಟ ಸಿಡಿದುಬಂದ ಚೆಂಡನ್ನು ಅವರು ಕೈ ಮಡಚಿ ಹಿಡಿದು ಅಲ್ಲಿಂದಲೇ ಮೊದಲ ಬೇಸಿಗೆ ಎಸೆದು ಡಿಮ್ಯಾಜಿಯೊ ಅವರನ್ನು ಔಟ್ ಮಾಡಿದರು. ನಾಲ್ಕನೆಯದರಲ್ಲಿ ವಾಕ್ ಸಿಕ್ಕಿತು. ಏಳನೆಯದರಲ್ಲಿ ಮತ್ತೆ ಕೆಲ್ಟ್ನರ್, ಮತ್ತೆ ಅಂಥದೇ ಹಿಡಿತ. ಎಂಟನೆಯದರಲ್ಲಿ ಮೂರೂ ಬೇಸುಗಳಲ್ಲಿ ಯಾಂಕೀಸ್ ಆಟಗಾರರಿದ್ದಾಗ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಲೂ ಬೂಡ್ರೋ ಅವರತ್ತ ಹೋಗಿ, ಕೊನೆಯ ಗಳಿಗೆಯಲ್ಲಿ ದಾರಿ ತಪ್ಪಿ ಪುಟಿದರೂ ಅವರ ಕೈಗೆ ಸಿಕ್ಕಿ ಡಬಲ್ ಪ್ಲೇ ಆಯಿತು. ಶಿಕಾಗೊ ಪಂದ್ಯದಲ್ಲಿ ಭುಜಕ್ಕೆ ಬಡಿದು ಹಿಟ್ಟಾದ ಚೆಂಡಿಗೂ ಇಲ್ಲಿ ಕೈಗೆ ಸಿಕ್ಕ ಚೆಂಡಿಗೂ ಇದ್ದ ಅಂತರ ಕೆಲವು ಅಂಗುಲಗಳದು. ಯಾಂಕೀಸ್ 4-3ರಿಂದ ಗೆದ್ದಿತು. ಡಿಮ್ಯಾಜಿಯೊ ಮಾರನೆಯ ದಿನದಿಂದಲೇ ಇನ್ನೊಂದು ಸ್ಟ್ರೀಕ್ ಆರಂಭಿಸಿ ಅದನ್ನು 16 ಪಂದ್ಯಗಳವರೆಗೆ ಒಯ್ದರು. ಆ ಸ್ಟೇಡಿಯಂ ಈಗಿಲ್ಲ, ಆ ಜಾಗದಲ್ಲಿ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣ ನಿಂತಿದೆ.

ನಿಮ್ಮ ಊಟದ ಮೇಜಿನಲ್ಲಿ ಮಾತಿಗಿಳಿಯಲು ಒಂದು ಒಳ್ಳೆಯ ಪ್ರಶ್ನೆ ಬೇಕಿದ್ದರೆ ಇದನ್ನು ಕೇಳಿ: 1941ರಲ್ಲಿ ದೊಡ್ಡ ಸಾಧನೆ ಯಾರದು? ಅದೇ ವರ್ಷ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ಋತುವಿನ ಕೊನೆಯ ದಿನಕ್ಕೆ ಬಂದಾಗ ಅವರ ಸರಾಸರಿ 0.39955 ಇತ್ತು. ಆಡದೆ ಕುಳಿತಿದ್ದರೆ ಪುಸ್ತಕದಲ್ಲಿ ಅದು 0.400 ಎಂದೇ ಅಚ್ಚಾಗುತ್ತಿತ್ತು. ಅವರು ಆ ದಿನದ ಎರಡೂ ಪಂದ್ಯಗಳನ್ನು ಆಡಿ, ಎಂಟರಲ್ಲಿ ಆರು ಹಿಟ್ ಪಡೆದು 0.406ಕ್ಕೆ ಮುಗಿಸಿದರು. ಅಲ್ಲಿಂದೀಚೆಗೆ ಅಮೆರಿಕನ್ ಅಥವಾ ನ್ಯಾಷನಲ್ ಲೀಗಿನ ಪೂರ್ಣ ಋತುವಿನಲ್ಲಿ 0.400 ಮುಟ್ಟಿದವರಿಲ್ಲ. ಇನ್ನೂ ವಿಚಿತ್ರವೆಂದರೆ, ಡಿಮ್ಯಾಜಿಯೊ ಸ್ಟ್ರೀಕ್ ನಡೆದ ಆ ಎರಡು ತಿಂಗಳಲ್ಲಿಯೇ ವಿಲಿಯಮ್ಸ್ ಅವರ ಸರಾಸರಿ 0.412, ಡಿಮ್ಯಾಜಿಯೊ ಅವರದಕ್ಕಿಂತ ಹೆಚ್ಚು. ಆದರೂ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಡಿಮ್ಯಾಜಿಯೊ ಅವರಿಗೆ ಹೋಯಿತು. ನನ್ನ ಮತ ವಿಲಿಯಮ್ಸ್ ಅವರಿಗೆ. ಸ್ಟ್ರೀಕ್ ಬೆರಗು ಹುಟ್ಟಿಸುತ್ತದೆ, ಸರಾಸರಿ ತಂಡಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಮಾತನ್ನು ಯಾಂಕೀಸ್ ಅಭಿಮಾನಿಗಳ ಎದುರು ಹೇಳುವಾಗ ಊಟ ಮುಗಿಸಿರುವುದು ಲೇಸು.

ಐವತ್ತಾರರ ಹತ್ತಿರಕ್ಕೆ ಆಮೇಲೆ ಬಂದವರು 1978ರಲ್ಲಿ 44 ಪಂದ್ಯಗಳವರೆಗೆ ಹೋದ ಪೀಟ್ ರೋಸ್ ಮತ್ತು 1987ರಲ್ಲಿ 39ಕ್ಕೆ ನಿಂತ ಪಾಲ್ ಮಾಲಿಟರ್. ಡಿಮ್ಯಾಜಿಯೊ ಅವರ ತಮ್ಮ ಡಾಮ್ ಬಾಸ್ಟನ್ ಪರ 1949ರಲ್ಲಿ 34 ಪಂದ್ಯಗಳವರೆಗೆ ಹೋದರು. ಅವರ ಸ್ಟ್ರೀಕನ್ನು ಮುಗಿಸಿದ ಕ್ಯಾಚನ್ನು ಹಿಡಿದವರು ಎದುರು ತಂಡದಲ್ಲಿದ್ದ ಅಣ್ಣ ಜೋ.

ಅಂಕಿಗಳ ನಂಬಿಕೆಗೂ ಮನುಷ್ಯರ ಕೈಚಳಕಕ್ಕೂ ಇರುವ ನಂಟು ತಿಳಿಯಲು ಕ್ಲೀವ್‌ಲ್ಯಾಂಡಿನದೇ ಹಳೆಯ ಕತೆಯೊಂದಿದೆ. 1910ರಲ್ಲಿ ಅತಿ ಹೆಚ್ಚು ಸರಾಸರಿಯ ಬ್ಯಾಟರನಿಗೆ ಚಾಮರ್ಸ್ ಕಂಪನಿ ಒಂದು ಕಾರನ್ನು ಬಹುಮಾನವಾಗಿ ಇಟ್ಟಿತ್ತು. ಸ್ಪರ್ಧೆ ಡೆಟ್ರಾಯ್ಟಿನ ಟೈ ಕಾಬ್ ಮತ್ತು ಇಲ್ಲಿಯ ನ್ಯಾಪ್ ಲಾಜೊವೇ ನಡುವೆ. ತನ್ನ ಸರಾಸರಿ ಸುರಕ್ಷಿತವಾಗಿದೆ ಎಂದು ಕಾಬ್ ಕೊನೆಯ ಎರಡು ಪಂದ್ಯಗಳನ್ನು ಆಡಲೇ ಇಲ್ಲ. ಕಾಬ್ ಎಂದರೆ ಲೀಗಿನಲ್ಲಿ ಅನೇಕರಿಗೆ ಆಗುತ್ತಿರಲಿಲ್ಲ; ಕೊನೆಯ ದಿನ ಲಾಜೊವೇ ಅವರಿಗೆ ಎದುರಾಳಿಯಾಗಿದ್ದ ಸೇಂಟ್ ಲೂಯಿಸ್ ತಂಡದ ಮ್ಯಾನೇಜರ್ ತನ್ನ ಮೂರನೆಯ ಬೇಸಿನ ಹೊಸ ಹುಡುಗನನ್ನು ಬಹಳ ಹಿಂದಕ್ಕೆ ನಿಲ್ಲಿಸಿದ. ಲಾಜೊವೇ ಆ ಖಾಲಿ ಜಾಗಕ್ಕೆ ಒಂದರ ಹಿಂದೊಂದು ಬಂಟ್ ಉರುಳಿಸಿ ಒಂದೇ ದಿನ ಎಂಟು ಹಿಟ್ ಪಡೆದರು. ತಪ್ಪು ಎಂದು ಬರೆದಿದ್ದ ಇನ್ನೊಂದನ್ನೂ ಹಿಟ್ ಎಂದು ತಿದ್ದಿದರೆ ಹೊಸ ಸೂಟು ಹೊಲಿಸಿಕೊಡುವುದಾಗಿ ಸ್ಕೋರರನಿಗೆ ಚೀಟಿಯೂ ಹೋಯಿತು. ಕೊನೆಗೆ ಕಾಬ್ ಕೂದಲೆಳೆಯಷ್ಟು ಮುಂದಿದ್ದಾರೆಂದು ಲೀಗಿನ ಅಧ್ಯಕ್ಷರು ಘೋಷಿಸಿದರು, ಮ್ಯಾನೇಜರ್ ಕೆಲಸ ಕಳೆದುಕೊಂಡ, ಕಂಪನಿ ಇಬ್ಬರಿಗೂ ಕಾರು ಕೊಟ್ಟು ಕೈತೊಳೆದುಕೊಂಡಿತು. ಎಪ್ಪತ್ತು ವರ್ಷಗಳ ನಂತರ ಹಳೆಯ ಕಡತಗಳನ್ನು ತಿರುವಿದಾಗ ಕಾಬ್ ಅವರ ಒಂದು ಪಂದ್ಯವನ್ನು ಎರಡು ಸಲ ಎಣಿಸಲಾಗಿತ್ತು ಎಂಬುದು ಹೊರಬಂತು. ದಾಖಲೆಯನ್ನು ಬದಲಿಸಲು ಆಗಿನ ಆಯುಕ್ತರು ಒಪ್ಪಲಿಲ್ಲ.

ಕೇವಲ ಕೌತುಕದ ಅಂಕಿಗಳೂ ಬೇಕಾದಷ್ಟಿವೆ. ಸ್ಟ್ಯಾನ್ ಮ್ಯೂಸಿಯಲ್ ಅವರ 3,630 ಹಿಟ್‌ಗಳಲ್ಲಿ 1,815 ತವರಿನಲ್ಲಿ, 1,815 ಹೊರಗೆ. ಮೊದಲು ಮಿಲ್ವಾಕಿ, ಆಮೇಲೆ ಓಕ್‌ಲ್ಯಾಂಡ್ ಪರ ಆಡಿದ ಕ್ರಿಸ್ ಡೇವಿಸ್ ಎಂಬ ಆಟಗಾರನ ಸರಾಸರಿ 2015ರಿಂದ 2018ರವರೆಗೆ ನಾಲ್ಕು ಋತುಗಳಲ್ಲೂ 0.247, ಮೂರನೆಯ ದಶಮಾಂಶವೂ ಕದಲಲಿಲ್ಲ. ಕ್ಲೀವ್‌ಲ್ಯಾಂಡಿನ ಪಿಚರ್ (ಚೆಂಡು ಎಸೆಯುವವರು) ಬಾಬ್ ಫೆಲ್ಲರ್ 1940ರ ಋತುವಿನ ಮೊದಲ ದಿನವೇ ಶಿಕಾಗೊ ತಂಡಕ್ಕೆ ಒಂದೂ ಹಿಟ್ ಕೊಡಲಿಲ್ಲ. ಹೀಗಾಗಿ ಆ ತಂಡದವರೆಲ್ಲರ ಸರಾಸರಿ ಪಂದ್ಯಕ್ಕೆ ಮುಂಚೆ ಎಷ್ಟಿತ್ತೋ ಮುಗಿದ ಮೇಲೂ ಅಷ್ಟೇ, ಸೊನ್ನೆ. ಇಲ್ಲಿಯ ತಂಡ 2017ರ ಆಗಸ್ಟ್ 24ರಿಂದ ಸೆಪ್ಟೆಂಬರ್ 14ರವರೆಗೆ ಸತತ 22 ಪಂದ್ಯಗಳನ್ನು ಗೆದ್ದಿತು, ಊರಿಗೆ ಊರೇ ಹುಚ್ಚೆದ್ದಿತ್ತು. ಮರುತಿಂಗಳು ಪ್ಲೇ-ಆಫಿನ ಮೊದಲ ಸುತ್ತಿನಲ್ಲೇ 2-0ರಿಂದ ಮುಂದಿದ್ದೂ ಸೋತುಹೋಯಿತು. ಸೀಟುಗಳ ಲೆಕ್ಕವೂ ಇಲ್ಲಿ ಸ್ಟ್ರೀಕೇ: 1995ರಿಂದ 2001ರವರೆಗೆ ಸತತ 455 ತವರು ಪಂದ್ಯಗಳ ಟಿಕೆಟ್‌ಗಳೆಲ್ಲ ಮಾರಾಟವಾದದ್ದರಿಂದ, ದೊಡ್ಡ ಆಟಗಾರರ ಅಂಗಿಯ ಸಂಖ್ಯೆಗಳ ಜೊತೆಗೆ 455 ಎಂಬ ಸಂಖ್ಯೆಯನ್ನು ಅಭಿಮಾನಿಗಳ ಹೆಸರಿನಲ್ಲಿ ಕ್ರೀಡಾಂಗಣದಲ್ಲಿ ಹಾಕಿದ್ದಾರೆ.

ಕ್ರಿಕೆಟ್ಟೇ ಮೇಲೆಂದು ವಾದಿಸಲು ಮಾತ್ರ ಹೋಗಬೇಡಿ. ಆ ವಾದವನ್ನು ಇಲ್ಲಿ ಯಾರೂ ಗೆದ್ದಿಲ್ಲ. ನಿಮ್ಮ ಬಳಿಯಿರುವ ಕೌತುಕವನ್ನು ಅವರ ಎದುರಿಡಿ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು, ಹೊಡೆದ ರನ್ನು 167 ಎಂದು ಹೇಳಿ ನೋಡಿ. ರನ್ ಎಂದರೆ ಏನು, ವಿಕೆಟ್ ಎಂದರೆ ಏನು ಎಂದು ಅವರೇ ಕೇಳತೊಡಗುತ್ತಾರೆ. ದ್ರಾವಿಡ್ 2002ರಲ್ಲಿ ಸತತ ನಾಲ್ಕು ಟೆಸ್ಟ್ ಇನ್ನಿಂಗ್ಸ್‌ಗಳಲ್ಲಿ ಶತಕ ಹೊಡೆದದ್ದನ್ನು ಸ್ಟ್ರೀಕ್ ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಪಂದ್ಯಕ್ಕೆ ಹೋಗುವುದಾದರೆ ಏಪ್ರಿಲ್ ಬೇಡ. ಸರೋವರದ ಗಾಳಿಗೆ ಬೆರಳು ಮರಗಟ್ಟುತ್ತದೆ, ಮೇಲಾಗಿ ಈಸ್ಟರಿನ ಆಸುಪಾಸಿನಲ್ಲಿ ಇಲ್ಲಿ ತ್ಯಾಗರಾಜ ಆರಾಧನೆಯ ಕಛೇರಿಗಳು ನಡೆಯುತ್ತವೆ, ಆ ದಿನಗಳನ್ನು ಅದಕ್ಕೆ ಮೀಸಲಿಡಿ. ಜೂನ್ ತಿಂಗಳಿನ ಒಂದು ವಾರದ ದಿನ, ಮೂರನೆಯ ಬೇಸಿನ ಕಡೆಯ ಅಗ್ಗದ ಸೀಟು ಹಿಡಿಯಿರಿ. ಸ್ಕೋರ್‌ಕಾರ್ಡ್ ಒಂದನ್ನು ಕೊಂಡು, ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕುಳಿತಿರುವ ಹಿರಿಯರು ಯಾರಾದರೂ ಇದ್ದರೆ ಹೇಗೆ ತುಂಬಬೇಕೆಂದು ಅವರನ್ನೇ ಕೇಳಿ. ಮೂರನೆಯ ಬೇಸಿನವನಿಗೆ ಐದು, ಶಾರ್ಟ್‌ಸ್ಟಾಪಿಗೆ ಆರು ಎಂದು ಅವರು ಹೇಳಿಕೊಡಲು ಆರಂಭಿಸುತ್ತಾರೆ. ಎರಡು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ, ಪುಟಿದ ಚೆಂಡೊಂದು ಹಿಟ್ಟೋ ತಪ್ಪೋ ಎಂದು ನೀವೂ ಅವರ ಜೊತೆ ತಕರಾರು ತೆಗೆಯುತ್ತಿರುತ್ತೀರಿ.